ಮರಗಳ ಡಿಎನ್‌ಎ ಬಾರ್‌ಕೋಡಿಂಗ್

ಮರಗಳ ಡಿಎನ್‌ಎ ಬಾರ್‌ಕೋಡಿಂಗ್ ಎಂಬುದು ಎಲೆ, ತೊಗಟೆ ಅಥವಾ ದಿಮ್ಮಿಯಿಂದ ಪಡೆದ ಡಿಎನ್‌ಎಯ ಕೆಲವು ಚಿಕ್ಕ ಭಾಗಗಳನ್ನು ಓದಿ, ಮರವು ಯಾವ ಪ್ರಭೇದಕ್ಕೆ ಸೇರಿದ್ದೆಂದು ಗುರುತಿಸುವ ವಿಧಾನ. ಹೂವು, ಕಾಯಿ, ಎಲೆಗಳಿರುವ ಮರವನ್ನು ಸಸ್ಯವಿಜ್ಞಾನಿಗಳು ನೋಡಿಯೇ ಹೆಸರಿಸಬಲ್ಲರು. ಸೀಳಿದ ಹಲಗೆ, ಚಕ್ಕೆ, ಪುಡಿ ಅಥವಾ ಎಳೆಯ ಸಸಿ ಮಾತ್ರ ದೊರೆತಾಗ ಈ ವಿಧಾನದ ಅಗತ್ಯ ಬೀಳುತ್ತದೆ.

ಅಗತ್ಯ

ಸೂಕ್ಷ್ಮದರ್ಶಕದಲ್ಲಿ ಮರದ ರಚನೆಯನ್ನು ಪರೀಕ್ಷಿಸಿದರೆ ಸಾಮಾನ್ಯವಾಗಿ ಅದರ ಕುಲ ತಿಳಿಯುತ್ತದೆ. ಪ್ರಭೇದ ತಿಳಿಯುವುದು ಅಪರೂಪ. ಕಾನೂನಿಗೆ ಬೇಕಾಗಿರುವುದು ಹಲವು ವೇಳೆ ಪ್ರಭೇದವೇ. ದಕ್ಷಿಣದ ಪೂರ್ವಘಟ್ಟಗಳಿಗೆ ಸೀಮಿತವಾದ ರಕ್ತಚಂದನವು (ಟೆರೊಕಾರ್ಪಸ್ ಸ್ಯಾಂಟಲೈನಸ್) 1995ರಿಂದ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಅದೇ ಕುಲದ ಹೊನ್ನೆ ಕರ್ನಾಟಕದ ಕಾಡುಗಳಲ್ಲಿ ಬೆಳೆಯುತ್ತದೆ. ನಿಂತ ಮರಗಳಲ್ಲಿ ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ: ರಕ್ತಚಂದನದ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಕಿರುಎಲೆಗಳು, ಹೊನ್ನೆಯಲ್ಲಿ ಐದರಿಂದ ಏಳು. ಆದರೆ ಇದೇ ಕುಲದ ಆಫ್ರಿಕಾದ ಟೆರೊಕಾರ್ಪಸ್ ಟಿಂಕ್ಟೋರಿಯಸ್ ಮರದ ಕೆಂಪು ದಿಮ್ಮಿ ರಕ್ತಚಂದನದ ಬದಲಿಯಾಗಿ ಮಾರಾಟವಾಗುತ್ತದೆ. ತೊಗಟೆ ಕಳೆದ ತುಂಡುಗಳಲ್ಲಿ ಯಾವುದು ಯಾವುದೆಂದು ಹೇಳುವುದು ಸುಲಭವಲ್ಲ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲದಲ್ಲಂತೂ ಈ ತೊಡಕು ಎಷ್ಟಿತ್ತೆಂದರೆ, 2017ರಲ್ಲಿ ಇಡೀ ಕುಲವನ್ನೇ ಸೈಟಿಸ್ ನಿಯಂತ್ರಣಕ್ಕೆ ತರಲಾಯಿತು.

ಓದುವ ಭಾಗಗಳು

ಡಿಎನ್‌ಎ ಬಾರ್‌ಕೋಡ್ ಎಂಬ ಕಲ್ಪನೆಯನ್ನು ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಪ್ರಾಣಿಗಳಿಗಾಗಿ ಮುಂದಿಟ್ಟರು. ಅವರು ಆರಿಸಿದ್ದು ಮೈಟೊಕಾಂಡ್ರಿಯದ ಒಂದು ಜೀನ್. ಸಸ್ಯಗಳಲ್ಲಿ ಆ ಜೀನ್ ತೀರ ನಿಧಾನವಾಗಿ ಬದಲಾಗುವುದರಿಂದ ಉಪಯೋಗಕ್ಕೆ ಬರಲಿಲ್ಲ. 2009ರಲ್ಲಿ ಸಸ್ಯವಿಜ್ಞಾನಿಗಳ ತಂಡವೊಂದು ಕ್ಲೋರೊಪ್ಲಾಸ್ಟ್‌ನ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಜೀನ್‌ಗಳನ್ನು ಜೊತೆಯಾಗಿ ಬಳಸಲು ಸೂಚಿಸಿತು. ತಂಡದ ಪರೀಕ್ಷೆಯಲ್ಲೇ ಈ ಜೋಡಿಯಿಂದ ಬೇರ್ಪಟ್ಟದ್ದು ಶೇಕಡ 72ರಷ್ಟು ಪ್ರಭೇದಗಳು. ಉಳಿದವು ಬಹುಮಟ್ಟಿಗೆ ಹತ್ತಿರದ ಸಂಬಂಧಿಗಳು, ಅಂದರೆ ಗುರುತಿಸಲು ಹೆಚ್ಚು ನೆರವು ಬೇಕಾದವುಗಳೇ. ಆದ್ದರಿಂದ ಕೋಶಕೇಂದ್ರದ ಐಟಿಎಸ್ ಎಂಬ ಭಾಗವನ್ನೂ ಸೇರಿಸಿ ಓದುವ ರೂಢಿ ಬಂದಿದೆ.

ಹತ್ತಿರದ ಪ್ರಭೇದಗಳ ತೊಡಕು

ಮರಗಳ ಒಂದು ತಲೆಮಾರು ದೀರ್ಘವಾದದ್ದು. ವರ್ಷಗಳ ಲೆಕ್ಕದಲ್ಲಿ ಅವುಗಳ ಡಿಎನ್‌ಎ ಗಿಡಮೂಲಿಕೆಗಳಿಗಿಂತ ನಿಧಾನವಾಗಿ ಬದಲಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಸಂಕರ. ಯೂರೋಪಿನ ಎರಡು ಓಕ್ ಮರಗಳು, ಕ್ವೆರ್ಕಸ್ ರೋಬರ್ ಮತ್ತು ಕ್ವೆರ್ಕಸ್ ಪೆಟ್ರಿಯಾ, ಇದಕ್ಕೆ ಹೆಸರಾದ ಉದಾಹರಣೆ. ಓಕ್‌ಗಳಲ್ಲಿ ಕ್ಲೋರೊಪ್ಲಾಸ್ಟ್ ತಾಯಿಮರದಿಂದ ಮಾತ್ರ ಬರುತ್ತದೆ. ಒಂದರ ಪರಾಗ ಇನ್ನೊಂದರ ಹೂವಿಗೆ ಬಿದ್ದು ಹುಟ್ಟಿದ ಸಂಕರ ಮರವು ಮತ್ತೆ ಮತ್ತೆ ತಂದೆಯ ಪ್ರಭೇದದ ಪರಾಗವನ್ನೇ ಪಡೆದರೆ, ಕೆಲವು ತಲೆಮಾರುಗಳಲ್ಲಿ ಕೋಶಕೇಂದ್ರದ ಡಿಎನ್‌ಎ ಬಹುತೇಕ ತಂದೆಯದಾಗುತ್ತದೆ. ಕ್ಲೋರೊಪ್ಲಾಸ್ಟ್ ಮಾತ್ರ ಮೊದಲ ತಾಯಿಯದಾಗಿಯೇ ಉಳಿಯುತ್ತದೆ. ಹೀಗಾಗಿ ಒಂದೇ ಕಾಡಿನ ಎರಡೂ ಪ್ರಭೇದಗಳಲ್ಲಿ ಒಂದೇ ಬಗೆಯ ಕ್ಲೋರೊಪ್ಲಾಸ್ಟ್ ಕಾಣಸಿಗುತ್ತದೆ. ಅದು ಹೇಳುವುದು ಮರದ ಜಾತಿಯನ್ನಲ್ಲ, ಊರನ್ನು. ಹಿಮಯುಗದಲ್ಲಿ ಐಬೀರಿಯಾ, ಇಟಲಿ ಮತ್ತು ಬಾಲ್ಕನ್ ಪ್ರದೇಶಗಳಲ್ಲಿ ಉಳಿದ ಓಕ್‌ಗಳು ಅನಂತರ ಉತ್ತರಕ್ಕೆ ಹರಡಿದ ದಾರಿಯನ್ನು ಈ ಗುರುತಿನಿಂದಲೇ ಪತ್ತೆಹಚ್ಚಲಾಗಿದೆ. ಪ್ರಭೇದವನ್ನು ನಿರ್ಧರಿಸಲು ಕೋಶಕೇಂದ್ರದ ಅನೇಕ ಸ್ಥಾನಗಳನ್ನು ಒಟ್ಟಿಗೆ ಹೋಲಿಸಬೇಕು.

ದಿಮ್ಮಿಯಿಂದ ಡಿಎನ್‌ಎ

ಮರದ ಚೇಗಿನಲ್ಲಿ, ಅಂದರೆ ಒಳತಿರುಳಿನಲ್ಲಿ, ಜೀವಂತ ಕೋಶಗಳಿರುವುದಿಲ್ಲ. ಅಲ್ಲಿ ಉಳಿದ ಡಿಎನ್‌ಎ ಅಲ್ಪವಾಗಿದ್ದು ತುಂಡುತುಂಡಾಗಿರುತ್ತದೆ. ಮರಕ್ಕೆ ಬೆಲೆ ತರುವ ಚೇಗೇ ಪರೀಕ್ಷೆಗೆ ಅತ್ಯಂತ ಒಲ್ಲದ ಭಾಗವಾಗಿರುವುದು ವಿಪರ್ಯಾಸ: ಅಲ್ಲಿ ಶೇಖರವಾಗುವ ಫೀನಾಲ್ ಸಂಯುಕ್ತಗಳು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನು ತಡೆಯುತ್ತವೆ. ತೊಗಟೆಗೆ ತಾಗಿದ ಹೊರಮರ ಸಿಕ್ಕಿದರೆ ಕೆಲಸ ಸುಲಭ. ಇಲ್ಲವಾದರೆ ಚಿಕ್ಕ ತುಂಡುಗಳನ್ನೇ ಓದಬೇಕಾಗುತ್ತದೆ. ಪ್ರತಿ ಕೋಶದಲ್ಲಿ ಹಲವಾರು ಪ್ರತಿಗಳಿರುವ ಕ್ಲೋರೊಪ್ಲಾಸ್ಟ್ ಡಿಎನ್‌ಎ ಇಲ್ಲಿ ಅನುಕೂಲಕರ.

ಆಕರ ಮಾದರಿಗಳು

ಓದಿದ ಅನುಕ್ರಮವನ್ನು ಹೆಸರು ಖಚಿತವಾಗಿರುವ ಮರಗಳ ಅನುಕ್ರಮದೊಂದಿಗೆ ಹೋಲಿಸಲಾಗುತ್ತದೆ. ಅಂತಹ ಪ್ರತಿಯೊಂದು ಮರದ ಒಣಗಿಸಿದ ರೆಂಬೆಯನ್ನು ಸಸ್ಯಸಂಗ್ರಹಾಲಯದಲ್ಲಿ ಇಟ್ಟಿರಬೇಕು. ಸಂದೇಹ ಬಂದಾಗ ತಜ್ಞರು ಅದನ್ನು ಮತ್ತೆ ನೋಡಿ ಹೆಸರನ್ನು ಪರಿಶೀಲಿಸಬಲ್ಲರು. ಆಕರ ಮಾದರಿಗೆ ತಪ್ಪು ಹೆಸರಿದ್ದರೆ, ಪ್ರಯೋಗಾಲಯದ ಕೆಲಸ ಎಷ್ಟು ಶುದ್ಧವಾಗಿದ್ದರೂ ಉತ್ತರವೂ ತಪ್ಪಾಗುತ್ತದೆ. ಸಂಬಂಧಿ ಪ್ರಭೇದಗಳೆಲ್ಲವೂ ಸಂಗ್ರಹದಲ್ಲಿ ಇಲ್ಲದಿದ್ದಾಗ, ಇರುವವುಗಳಲ್ಲಿ ಅತ್ಯಂತ ಹತ್ತಿರದ್ದರ ಹೆಸರು ಬರುತ್ತದೆಯೇ ಹೊರತು ಸರಿಯಾದ ಹೆಸರೇ ಬರಬೇಕೆಂದಿಲ್ಲ.