ಕಟ್ಟಿಸಿದ ಹಲ್ಲಿಗೆ ಹೊಗೆಯ ಭಯವಿಲ್ಲವೇ?

"ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ಕೇಳದವರಿಲ್ಲ. ಇಂದು ಹಲ್ಲು ಹೋದವರು ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಕಡಲೆಯನ್ನೂ ತಿನ್ನಬಲ್ಲರು. ನಮ್ಮ ಅಜ್ಜನೂ ಹಾಗೆ ಕಟ್ಟಿಸಿಕೊಂಡರು. "ಈ ಹಲ್ಲಿಗೆ ಹುಳ ಹಿಡಿಯುವುದಿಲ್ಲ. ಇನ್ನು ಬೀಡಿ ಎಳೆದರೇನು?" ಎಂದು ನಗುತ್ತಿದ್ದರು. ಗಲ್ಫಿನಿಂದ ರಜೆಯಲ್ಲಿ ಬಂದ ಬಂಧುವೊಬ್ಬರು, "ಬೀಡಿ ಬಿಡಿ ಅಜ್ಜ, ಅಲ್ಲಿ ಎಲೆಕ್ಟ್ರಾನಿಕ್ ಸಿಗರೇಟು ಸಿಗುತ್ತದೆ. ಹೊಗೆಯೇ ಇಲ್ಲ, ಸೆಟ್ಟಿಗೆ ಏನೂ ಆಗುವುದಿಲ್ಲ" ಎಂದರು. ಈ ಮಾತುಗಳು ಎಷ್ಟು ನಿಜವೆಂದು ನೋಡೋಣ.

ಸೆಟ್ಟನ್ನು ಸಾಮಾನ್ಯವಾಗಿ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. 1930ರ ದಶಕದಲ್ಲಿ ಇದು ಬಳಕೆಗೆ ಬಂತು. ಅದಕ್ಕೆ ಮೊದಲು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರನ್ನು ಉಪಯೋಗಿಸುತ್ತಿದ್ದರು. ಅಕ್ರಿಲಿಕ್ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಅತಿ ಸಣ್ಣ ರಂಧ್ರಗಳಿರುತ್ತವೆ. ಬೀಡಿಯ ಹೊಗೆಯಲ್ಲಿರುವ ಟಾರು ಅಲ್ಲಿ ಕುಳಿತು ಕಂದು ಕಲೆಯಾಗುತ್ತದೆ. ಎಲೆಯಡಿಕೆಯ ಕೆಂಪೂ ಹಾಗೆಯೇ ಹಿಡಿಯುತ್ತದೆ. ಕಲೆ ಹೋಗಲೆಂದು ಒರಟು ಹಲ್ಲುಪುಡಿಯಿಂದ ತಿಕ್ಕಿದರೆ ಗೀರು ಬಿದ್ದು, ಕೊಳೆಯೂ ಶಿಲೀಂಧ್ರವೂ ಮತ್ತಷ್ಟು ಸೇರಿಕೊಳ್ಳುತ್ತವೆ.

ಎಲೆಕ್ಟ್ರಾನಿಕ್ ಸಿಗರೇಟಿನಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ಸಾಮಾನ್ಯವಾಗಿ ನಿಕೋಟಿನ್ ಬೆರೆತ ದ್ರವವು ಬ್ಯಾಟರಿಯ ಬಿಸಿಯಿಂದ ಆವಿಯಾಗುತ್ತದೆ. ಎಲೆ ಸುಡುವುದಿಲ್ಲವಾದ್ದರಿಂದ ಬೀಡಿಯಂತೆ ಟಾರಿನ ಕಲೆ ಹಿಡಿಯುವುದಿಲ್ಲ. ಆ ಆವಿಗೆ ಸೆಟ್ಟು ಕರಗುವುದೂ ಇಲ್ಲ. ಇಷ್ಟರ ಮಟ್ಟಿಗೆ ಬಂಧುಗಳ ಮಾತು ಸರಿ. ಆದರೆ ಹಲ್ಲು ನಿರ್ಜೀವವಾದರೂ ಅದರಡಿಯ ಒಸಡು ಸಜೀವ! ಎರಡು ಗಾಜಿನ ಚೂರುಗಳ ನಡುವೆ ಒಂದು ಹನಿ ನೀರು ಹಾಕಿದರೆ ಅವು ಅಂಟಿಕೊಳ್ಳುವುದನ್ನು ನೀವು ಕಂಡಿರಬಹುದು. ಮೇಲಿನ ಸೆಟ್ಟನ್ನು ಎಂಜಲು ಹಾಗೆಯೇ ಹಿಡಿದಿಡುತ್ತದೆ. ಆವಿಯಿಂದ ಬಾಯಿ ಒಣಗಿದರೆ ಸೆಟ್ಟು ಸಡಿಲವಾಗಿ ಒಸಡನ್ನು ಉಜ್ಜುತ್ತದೆ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಗಾಯ ಬೇಗ ಮಾಯುವುದಿಲ್ಲ. ನಮ್ಮ ದೇಶದಲ್ಲಂತೂ 2019ರ ಕಾಯಿದೆಯು ಇದರ ಆಮದು ಮತ್ತು ಮಾರಾಟವನ್ನು ನಿಷೇಧಿಸಿದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಅಜ್ಜನ ಒಸಡಿನಲ್ಲಿ ಒಂದು ಹುಣ್ಣಾಗಿತ್ತು. "ಸೆಟ್ಟು ತಾಗಿದ್ದು" ಎಂದು ಅವರು ಎರಡು ತಿಂಗಳು ಸುಮ್ಮನಿದ್ದರು. ಬೀಡಿ ಸೇದುವವರಿಗೂ ಹೊಗೆಸೊಪ್ಪು ಹಾಕಿ ಎಲೆ ತಿನ್ನುವವರಿಗೂ ಬಾಯಿಯ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅದೂ ಮೊದಲಿಗೆ ಇಂಥ ಸಣ್ಣ ಹುಣ್ಣಾಗಿಯೇ ಕಾಣಿಸಿಕೊಳ್ಳಬಹುದು. ಕೊನೆಗೆ ಅಮ್ಮ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಚೂರು ಮಾಂಸ ತೆಗೆದು ಪರೀಕ್ಷಿಸಿದ ವೈದ್ಯರು ಕ್ಯಾನ್ಸರ್ ಅಲ್ಲವೆಂದರು. ಫಲಿತಾಂಶಕ್ಕಾಗಿ ಕಾದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಂದಿನಿಂದ ಅಜ್ಜ ಬೀಡಿ ಮುಟ್ಟಿಲ್ಲ.

ಆದುದರಿಂದ ಎರಡು ವಾರಗಳಲ್ಲಿ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ರಾತ್ರಿ ಸೆಟ್ಟನ್ನು ತೆಗೆದು, ಮೃದುವಾದ ಬ್ರಶ್ಶು ಮತ್ತು ಸಾಬೂನಿನಿಂದ ತೊಳೆದು, ತಣ್ಣೀರಿನಲ್ಲಿ ಇಡಬೇಕು. ಕುದಿಯುವ ನೀರು ಹಾಕಿದರೆ ಅದು ಸೊಟ್ಟಗಾಗುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ಈಗ ನನ್ನದು. ಗೆಳೆಯರೇ, ನೀವೂ ನಿಮ್ಮ ಅಜ್ಜ ಅಜ್ಜಿಯರ ಬಾಯಿಯನ್ನು ಆಗಾಗ ಟಾರ್ಚು ಹಿಡಿದು ನೋಡಿರಿ.