ಬ್ಯಾಕ್ಟೀರಿಯಾದ ಮನೆಯೊಳಗೊಂದು ಕೋಣೆ

ಸಂಸೆ ಕಡೆಯ ಕಾಫಿ ಬೆಳೆಗಾರರಿಗೆ ಗೊತ್ತಿರುವ ಮಾತು: ಒಣಗಿಸಿದ ಬೀಜದ ಮೂಟೆ ಪಕ್ಕ ಗೊಬ್ಬರ, ಔಷಧಿ ಇಡಬಾರದು. ಬೀಜ ಆ ವಾಸನೆಯನ್ನೆಲ್ಲ ಹೀರಿಕೊಂಡುಬಿಡುತ್ತೆ. ಔಷಧಿ ಡಬ್ಬ ಅಡುಗೆಮನೆಗೂ ಬರಬಾರದು, ಮನೆಯವರಿಗೇ ಅಪಾಯ. ಅಂದರೆ ಬೇರೆ ಕೋಣೆ ಬೇಕಾಗೋದು ಎರಡು ಕಾರಣಕ್ಕೆ: ಸಾಮಾನು ಕೆಡದಿರಲಿ ಅಂತ, ಮನೆಯವರು ಕೆಡದಿರಲಿ ಅಂತ. ಪ್ರೋಟೀನ್ ತಯಾರಿಸುವ ಬ್ಯಾಕ್ಟೀರಿಯಾಕ್ಕೂ ಇವೇ ಎರಡು ಕಷ್ಟ.

ಸೂಕ್ಷ್ಮಜೀವಿಗೆ ಬೇರೆ ಜೀವಿಯ ಜೀನ್ ಕೊಟ್ಟು ಪ್ರೋಟೀನ್ ಮಾಡಿಸುವುದು ಹೊಸದಲ್ಲ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ ಮಾನವ ಇನ್ಸುಲಿನ್‌ಗೆ 1982ರಲ್ಲೇ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ ತಂದಿತು. ಆದರೆ ಎಲ್ಲ ಪ್ರೋಟೀನೂ ಇಷ್ಟು ಸುಲಭವಾಗಿ ಕೈಗೆ ಬರೋದಿಲ್ಲ. ಇ. ಕೋಲೈ ಒಳಗೆ ಗೋಡೆ ಕಟ್ಟಿದ ಕೋಣೆಗಳಿಲ್ಲ, ಎಲ್ಲ ಒಂದೇ ಪಡಸಾಲೆ. ಹೊಸ ಪ್ರೋಟೀನನ್ನು ಜೀವಕೋಶದ ಕಿಣ್ವಗಳು ಕತ್ತರಿಸಿ ಹಾಕಬಹುದು. ಇಲ್ಲವೇ ಆ ಪ್ರೋಟೀನೇ ವಿಷವಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು. ಕೆಲಸಗಾರನೇ ಸತ್ತರೆ ಇಳುವರಿ ಎಲ್ಲಿಂದ?

ಉಪಾಯ ಪ್ರಕೃತಿಯಲ್ಲೇ ಇದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಪ್ರೊಪೇನ್‌ಡಯಾಲ್ ಎಂಬ ಆಹಾರವನ್ನು ಒಡೆಯುವಾಗ ನಡುವೆ ವಿಷಕಾರಿ ಆಲ್ಡಿಹೈಡ್ ಹುಟ್ಟುತ್ತೆ. ಅದು ಕೋಶದ ತುಂಬ ಹರಡದಂತೆ ಸಾಲ್ಮೊನೆಲ್ಲಾ ಈ ಕೆಲಸವನ್ನು ಪ್ರೋಟೀನ್ ಚಿಪ್ಪಿನ ಪುಟ್ಟ ಕೋಣೆಗಳೊಳಗೆ ನಡೆಸುತ್ತೆ. ಕೋಣೆಯ ಅಗಲ ಸುಮಾರು 100ರಿಂದ 150 ನ್ಯಾನೋಮೀಟರ್. ಒಳಗೆ ಹೋಗಬೇಕಾದ ಕಿಣ್ವಕ್ಕೆ ಒಂದು ವಿಳಾಸಚೀಟಿ ಇರುತ್ತೆ. ಪಿಡಿಯುಪಿ ಎಂಬ ಕಿಣ್ವದ ಮೊದಲ 18 ಅಮೈನೋ ಆಮ್ಲಗಳು ಅಂಥದ್ದೊಂದು ಚೀಟಿ.

ಹಾಗಾದರೆ ಚಿಪ್ಪಿನ ಜೀನ್‌ಗಳನ್ನು ಇ. ಕೋಲೈಗೆ ಕೊಟ್ಟು, ನಮಗೆ ಬೇಕಾದ ಪ್ರೋಟೀನ್‌ಗೆ ಆ ಚೀಟಿ ಅಂಟಿಸಿದರೆ? 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನು ಕಠಿಣ ಪ್ರೋಟೀನ್ ಮೇಲೆಯೇ ಪರೀಕ್ಷಿಸಿತು. ಫೈ-ಎಕ್ಸ್-174 ವೈರಸ್‌ನ 'ಇ' ಪ್ರೋಟೀನ್‌ನ ಕೆಲಸವೇ ಇ. ಕೋಲೈಯನ್ನು ಒಡೆಯುವುದು. ಅಂಥ ಪ್ರೋಟೀನ್‌ನ ಇಳುವರಿಯೂ ಕೋಣೆಯ ನೆರವಿನಿಂದ ಹೆಚ್ಚಿತು.

ಹಾಗಂತ ಕೋಣೆ ಬಿಟ್ಟಿ ಸಿಗೋದಿಲ್ಲ. ಚಿಪ್ಪೂ ಪ್ರೋಟೀನೇ, ಅದನ್ನು ಕಟ್ಟಲು ಕೋಶದ ಶಕ್ತಿ, ಅಮೈನೋ ಆಮ್ಲ ಎರಡೂ ಖರ್ಚಾಗುತ್ತೆ. ಕೊನೆಗೆ ಚಿಪ್ಪು ಒಡೆದು ಸರಕು ಹೊರತೆಗೆಯಬೇಕು. ಸುಲಭವಾಗಿ ಬರುವ ಪ್ರೋಟೀನ್‌ಗೆ ಈ ಖರ್ಚು ದಂಡ. ತಯಾರಿಸುವವನನ್ನೇ ಕೊಲ್ಲುವ ಪ್ರೋಟೀನ್‌ಗಾದರೆ ಲೆಕ್ಕ ಬೇರೆ. ಯಾವುದಕ್ಕೆ ಕೋಣೆ ಕಟ್ಟಬೇಕು, ಯಾವುದಕ್ಕೆ ಪಡಸಾಲೆಯೇ ಸಾಕು ಅಂತ ತೀರ್ಮಾನಿಸುವುದೇ ಇಲ್ಲಿ ನಮ್ಮಂಥ ಎಂಜಿನಿಯರುಗಳ ಕೆಲಸ.