ಕ್ರೋಮೈಟ್ ಎಂಬ ಕರಿಯ ಅದಿರು

ಮಕ್ಕಳೇ, ಹೊಲದಲ್ಲಿ ಮರೆತು ಬಂದ ಕುಡುಗೋಲಿಗೆ ಮಳೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ನೀವು ಊಟ ಮಾಡುವ ಸ್ಟೀಲಿನ ತಟ್ಟೆಯನ್ನು ದಿನವೂ ತೊಳೆದರೂ ಅದು ಹೊಳೆಯುತ್ತಲೇ ಇರುತ್ತದೆ. ಇದಕ್ಕೆ ಕಾರಣವೇನು? ತಟ್ಟೆಯ ಸ್ಟೀಲಿನಲ್ಲಿ ಕಬ್ಬಿಣದೊಡನೆ ಕ್ರೋಮಿಯಂ ಎಂಬ ಲೋಹವೂ ಇದೆ. ನೂರು ಭಾಗದಲ್ಲಿ ಹತ್ತಕ್ಕಿಂತ ಹೆಚ್ಚು ಭಾಗ ಕ್ರೋಮಿಯಂ ಇದ್ದರೆ ಸ್ಟೀಲಿನ ಮೇಲೆ ತೆಳುವಾದ ಪೊರೆಯುಂಟಾಗಿ ತುಕ್ಕನ್ನು ತಡೆಯುತ್ತದೆ.

ಕ್ರೋಮಿಯಂ ದೊರೆಯುವುದು ಕ್ರೋಮೈಟ್ ಎಂಬ ಕಪ್ಪು ಅದಿರಿನಿಂದ. ಕಾಸಾರಶಿರಸಿಯ ಕಡೆ ಬಾವಿ ತೋಡುವಾಗ ಸಿಗುವ ಕಲ್ಲೂ ಕಪ್ಪೇ. ಆದರೆ ಅದು ಬಸಾಲ್ಟ್, ಸುಮಾರು 6.5 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಕಲ್ಲಾದದ್ದು. ಅದು ಕ್ರೋಮಿಯಂ ಅದಿರಲ್ಲ. ಕ್ರೋಮೈಟ್ ಇರುವ ಶಿಲೆಗಳು ಕರ್ನಾಟಕದ ಹಾಸನ ಜಿಲ್ಲೆಯ ನುಗ್ಗೇಹಳ್ಳಿಯ ಸುತ್ತ ಇವೆ. ಅವು 300 ಕೋಟಿ ವರ್ಷಗಳಿಗೂ ಹಳೆಯವು. ಅಲ್ಲಿಯ ಬೈರಾಪುರದಲ್ಲಿ ನೆಲದೊಳಗೆ ಗಣಿ ತೋಡಿ ಕ್ರೋಮೈಟ್ ತೆಗೆದಿದ್ದಾರೆ.

ಕ್ರೋಮೈಟಿನಲ್ಲಿ ಕ್ರೋಮಿಯಂ, ಕಬ್ಬಿಣ, ಮೆಗ್ನೀಷಿಯಂ, ಅಲ್ಯೂಮಿನಿಯಂ ಮತ್ತು ಆಮ್ಲಜನಕ ಇರುತ್ತವೆ. ಆದರೆ ಎಲ್ಲ ಕಾಳುಗಳಲ್ಲೂ ಇವುಗಳ ಪ್ರಮಾಣ ಒಂದೇ ಅಲ್ಲ. ಕೆಲವೆಡೆ ಕ್ರೋಮೈಟ್ ಕಾಳುಗಳು ಒತ್ತಾಗಿ ಸೇರಿ ಗಟ್ಟಿ ಅದಿರಾಗಿವೆ. ಸುತ್ತಲಿನ ಶಿಲೆಯಲ್ಲಿ ಅವು ಸಜ್ಜೆಯ ರೊಟ್ಟಿಯ ಮೇಲಿನ ಎಳ್ಳಿನಂತೆ ಚದುರಿವೆ. ಶಿಲೆ ನಿಧಾನವಾಗಿ ತಣ್ಣಗಾಗುವಾಗ ಚದುರಿದ ಕಾಳು ತನ್ನ ಮೆಗ್ನೀಷಿಯಂ ಅನ್ನು ನೆರೆಯ ಖನಿಜಕ್ಕೆ ಕೊಟ್ಟು, ಅದರಿಂದ ಕಬ್ಬಿಣ ಪಡೆಯುತ್ತದೆ. ಮುಂದೆ ಶಿಲೆಯೊಳಗೆ ಬಿಸಿನೀರು ಸೇರಿದಾಗ ಕಾಳಿನ ಅಂಚಿನಲ್ಲಿ ಕಬ್ಬಿಣ ಇನ್ನೂ ಹೆಚ್ಚುತ್ತದೆ.

ಗಟ್ಟಿ ಅದಿರಿನಲ್ಲಿ ಹೀಗೆ ಆಗುವುದು ಕಡಿಮೆ. ಅಲ್ಲಿ ಕಾಳಿನ ನೆರೆಯಲ್ಲಿರುವುದೂ ಕ್ರೋಮೈಟ್ ಕಾಳೇ. ಒಂದು ಚೀಲ ಜೋಳವನ್ನು ನೆನೆಯಿರಿ. ಸಣ್ಣ ಮಳೆ ಬಂದರೆ ಅಂಗಳದಲ್ಲಿ ಹರಡಿದ ಜೋಳವೆಲ್ಲ ತೋಯುತ್ತದೆ. ಚೀಲದ ನಡುವಿನ ಜೋಳ ಒಣಗಿಯೇ ಇರುತ್ತದೆ. ಗಟ್ಟಿ ಅದಿರಿನ ಕಾಳಿನ ನಡುಭಾಗವೂ ಹಾಗೆಯೇ ಬಹುಮಟ್ಟಿಗೆ ಮೊದಲಿನಂತೆ ಉಳಿಯುತ್ತದೆ.

ಬರಿಗಣ್ಣಿಗೆ ಎಲ್ಲ ಕಾಳುಗಳೂ ಕಪ್ಪೇ. ಆದ್ದರಿಂದ ವಿಜ್ಞಾನಿಗಳು ಕಲ್ಲಿನ ತೆಳುವಾದ ಬಿಲ್ಲೆ ಮಾಡಿ, ನುಣುಪುಗೊಳಿಸಿ, ಅದರ ಮೇಲೆ ಇಲೆಕ್ಟ್ರಾನ್‌ಗಳ ಕಿರಣ ಹಾಯಿಸುತ್ತಾರೆ. ಆಗ ಕಾಳಿನ ನಡುವೆ ಏನಿದೆ, ಅಂಚಿನಲ್ಲಿ ಏನಿದೆ ಎಂಬುದು ತಿಳಿಯುತ್ತದೆ. ಅಂಚನ್ನಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ. ಕಬ್ಬಿಣ ಹೆಚ್ಚಾಗಿ ಕ್ರೋಮಿಯಂ ಕಡಿಮೆಯಾದ ಅದಿರು ಕಾರ್ಖಾನೆಗೆ ಅಷ್ಟು ಉಪಯೋಗವಲ್ಲ. ಬದಲಾಗದೆ ಉಳಿದ ನಡುಭಾಗವಾದರೋ 300 ಕೋಟಿ ವರ್ಷಗಳ ಹಿಂದಿನ ಶಿಲಾರಸ ಹೇಗಿತ್ತೆಂದು ತಿಳಿಸುತ್ತದೆ.

ನಮ್ಮ ದೇಶದ ಕ್ರೋಮೈಟಿನ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯಲ್ಲಿದೆ. ತೆಗೆದ ಅದಿರು ಬೆಳೆಯಂತೆ ಮತ್ತೆ ಬೆಳೆಯದು. ಆದರೆ ಒಡೆದ ಸ್ಟೀಲ್ ಪಾತ್ರೆಯನ್ನು ಗುಜರಿಗೆ ಕೊಟ್ಟರೆ ಅದನ್ನು ಕರಗಿಸಿ ಹೊಸ ಸ್ಟೀಲ್ ಮಾಡುತ್ತಾರೆ. ಅದರೊಳಗಿನ ಕ್ರೋಮಿಯಂ ಮತ್ತೆ ಬಳಕೆಗೆ ಬರುತ್ತದೆ.